ಸೀಲು ಒಡೆಯದ ಡಬ್ಬಿಗಳು

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)



ಡೊಂಬಿವಲಿಯ ನಮ್ಮ ಮನೆಯಲ್ಲಿ ಅಡಿಗೆಮನೆಯ ಬಾಗಿಲಿನ ಮೇಲೆ ಒಂದು ಅಟ್ಟವಿದೆ. ಮರಾಠಿಯವರು ಮಾಳಾ ಎನ್ನುತ್ತಾರೆ. ಮುಂಬಯಿಯ ಮನೆಗಳಲ್ಲೆಲ್ಲ ಇರುವಂಥದ್ದೇ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸೂಟ್‌ಕೇಸು, ಗಣಪತಿ ಹಬ್ಬದ ಅಲಂಕಾರದ ಸಾಮಾನು, ಊರಿನಿಂದ ತಂದ ಹಿತ್ತಾಳೆ ಪಾತ್ರೆ ಇರಬಹುದು. ನಮ್ಮ ಅಟ್ಟದಲ್ಲಿ ಇರುವುದು ಸಂಗೀತ. ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು, ಬಸವರಾಜ ರಾಜಗುರುಗಳು, ಕುಮಾರ ಗಂಧರ್ವರು ಎಲ್ಲರೂ ಅಲ್ಲಿ ರಟ್ಟಿನ ಡಬ್ಬಿಗಳಲ್ಲಿ ಒಬ್ಬರ ಮೇಲೊಬ್ಬರು ಕೂತಿದ್ದಾರೆ. ಒಂದು ದೀಪಾವಳಿಗೆ ಅಟ್ಟ ಗುಡಿಸಲೆಂದು ಎಲ್ಲವನ್ನೂ ಕೆಳಗಿಳಿಸಿದಾಗ ಎಣಿಸಿದೆ. ಒಟ್ಟು 63 ಡಬ್ಬಿ. ಅವುಗಳಲ್ಲಿ 27ರ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ನಾನು ಇನ್ನೂ ಹರಿದೇ ಇರಲಿಲ್ಲ.

ಇವತ್ತು ನಿಮ್ಮ ಮುಂದೆ ಹೇಳಬೇಕೆಂದಿರುವುದು ಆ ಡಬ್ಬಿಗಳು ಕೊಟ್ಟ ಸುಖವನ್ನು. ಜೊತೆಗೆ ಆ 27 ಡಬ್ಬಿಗಳ ವ್ಯಥೆಯನ್ನೂ.

ನಾನು ಧಾರವಾಡದಿಂದ ಮುಂಬಯಿಗೆ ಬಂದದ್ದು 1978ರಲ್ಲಿ, ಫೋರ್ಟಿನ ಒಂದು ಬ್ಯಾಂಕಿಗೆ ಗುಮಾಸ್ತನಾಗಿ. ಆಗ ಶನಿವಾರ ಅರ್ಧ ದಿನದ ಕೆಲಸ. ಮಧ್ಯಾಹ್ನ ಬ್ಯಾಂಕ್ ಬಿಟ್ಟವನು ನಡೆದುಕೊಂಡೇ ಕಾಲಾಘೋಡಾಕ್ಕೆ ಹೋಗುತ್ತಿದ್ದೆ. ಅಲ್ಲಿ ಜಹಾಂಗೀರ್ ಆರ್ಟ್ ಗ್ಯಾಲರಿಯ ಎದುರಿಗೆ ರಿದಮ್ ಹೌಸ್ ಇತ್ತು. ನಿಮ್ಮಲ್ಲಿ ಅನೇಕರಿಗೆ ಆ ಅಂಗಡಿ ನೆನಪಿರಬಹುದು. ಒಳಗೆ ಹೋಗಿ ಎಲ್.ಪಿ. ರೆಕಾರ್ಡುಗಳ ಹೊದಿಕೆಯನ್ನು ಹಿಂದೆ ಮುಂದೆ ಓದಿ, ಮತ್ತೆ ಅಲ್ಲೇ ಇಟ್ಟು ಬರುತ್ತಿದ್ದೆ. ಕೊಳ್ಳಲು ದುಡ್ಡಿರಲಿಲ್ಲ. ಕೊಂಡರೂ ಹಾಕಿ ಕೇಳಲು ಪ್ಲೇಯರ್ ಇರಲಿಲ್ಲ. ನಾಲ್ಕು ಜನ ಹಂಚಿಕೊಂಡಿದ್ದ ಖೋಲಿಯಲ್ಲಿ ಅದನ್ನು ಇಡಲು ಜಾಗವೂ ಇರಲಿಲ್ಲ.

ಇಲ್ಲೊಂದು ತಮಾಷೆಯಿದೆ. ಧಾರವಾಡದಲ್ಲಿದ್ದಾಗ ಮನ್ಸೂರರು ಬೀದಿಯಲ್ಲಿ ನಡೆದು ಹೋಗುವುದನ್ನು ಎಷ್ಟೋ ಸಲ ಕಂಡಿದ್ದೆ. ಬಿಳಿ ಧೋತರ, ತಲೆಗೆ ಟೋಪಿ. ಅವರ ಹಾಡಿಕೆಯನ್ನು ಕೂತು ಕೇಳಿದ್ದು ಮಾತ್ರ ಬಹಳ ಕಡಿಮೆ. ನಮ್ಮ ಊರಿನವರೇ ತಾನೇ, ಯಾವಾಗ ಬೇಕಾದರೂ ಕೇಳಬಹುದು ಎಂಬ ಧೈರ್ಯ. ಊರು ಬಿಟ್ಟು ಬಂದ ಮೇಲೆ, ಲೋಕಲಿನ ಗದ್ದಲದಲ್ಲಿ ನಿಂತು, ಅವರ ಒಂದು ತಾನಿಗಾಗಿ ಜೀವ ಹಂಬಲಿಸತೊಡಗಿತು. ಯಾವಾಗ ಬೇಕಾದರೂ ಕೇಳಬಹುದು ಎನ್ನುವ ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

ಎಂಬತ್ತರ ದಶಕದಲ್ಲಿ ಕ್ಯಾಸೆಟ್ ಬಂದು ನಮ್ಮಂಥವರ ಭಾಗ್ಯ ತೆರೆಯಿತು. ಮದುವೆಯಾಗಿ ಡೊಂಬಿವಲಿಯಲ್ಲಿ ಮನೆ ಮಾಡಿದ ಮೇಲೆ ಒಂದು ಟೇಪ್ ರೆಕಾರ್ಡರ್ ಬಂತು. ಮೊದಲ ಡಬ್ಬಿ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ನಾಲ್ಕು ಕ್ಯಾಸೆಟ್ಟುಗಳ ಸೆಟ್. ರಟ್ಟಿನ ಒಂದು ಮೂಲೆ ಜಜ್ಜಿ ಹೋಗಿತ್ತೆಂದು ಅಂಗಡಿಯವನು ಬೆಲೆ ಇಳಿಸಿದ್ದ. ಜಜ್ಜಿದ್ದು ಡಬ್ಬಿ, ರಾಗವಲ್ಲವಲ್ಲ! ಆ ದಿನದಿಂದ ನನ್ನ ಕಣ್ಣು ರಿಯಾಯಿತಿಯ ಮೂಲೆಯ ಮೇಲೆಯೇ. ಆಮೇಲೆ ಸಿ.ಡಿ. ಬಂತು. ಒಂದೊಂದಾಗಿ ಕೊಂಡರೆ ದುಬಾರಿಯಾಗುವ ಸಿ.ಡಿ.ಗಳು, ಐದನ್ನು ಒಟ್ಟಿಗೆ ಕಟ್ಟಿಟ್ಟಾಗ ಎರಡರ ಬೆಲೆಗೆ ಸಿಗುತ್ತಿದ್ದವು. ಕಾಲಾಘೋಡಾ, ಮಾಟುಂಗಾ, ದಾದರ್, ಚೋರ್ ಬಜಾರಿನ ಮಟನ್ ಸ್ಟ್ರೀಟ್, ಹೀಗೆ ನನ್ನ ಶನಿವಾರಗಳ ಭೂಪಟ ತಯಾರಾಯಿತು.

ಇಷ್ಟು ದೊಡ್ಡ ಸಂಗೀತ ಇಷ್ಟು ಅಗ್ಗವಾಗಿ ಹೇಗೆ ಸಿಗುತ್ತದೆ ಎಂದು ನನಗೂ ಅನುಮಾನ ಬರುತ್ತಿತ್ತು. ಕಾರಣ ಸರಳ. ಹಳೆಯ ಧ್ವನಿಮುದ್ರಣದ ಖರ್ಚನ್ನು ಕಂಪನಿ ಎಂದೋ ಗಳಿಸಿಬಿಟ್ಟಿರುತ್ತದೆ. ಈಗ ಬರುವುದೆಲ್ಲ ಮೇಲಿನ ಲಾಭ. ಇನ್ನೊಂದು ಕಾರಣ ಕಾನೂನಿನದು. ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಿಕೆಯ ಹಕ್ಕು ಅದು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅವಧಿ ಮುಗಿದ ಮೇಲೆ ಆ ರೆಕಾರ್ಡು ಎಲ್ಲರ ಸೊತ್ತು. ಹೀಗಾಗಿ ಅಬ್ದುಲ್ ಕರೀಂ ಖಾನರ ಅದೇ ಮೂರು ನಿಮಿಷದ ಹಾಡು ಬೇರೆ ಬೇರೆ ಡಬ್ಬಿಗಳಲ್ಲಿ, ಬೇರೆ ಬೇರೆ ಬಣ್ಣದ ಮುಖಪುಟ ಹೊತ್ತು ಬರತೊಡಗಿತು. ಅದರಲ್ಲಿ ಮೋಸವೇನೂ ಇಲ್ಲ. ಆದರೆ ಕೊಳ್ಳುವವನು ಕಣ್ಣು ತೆರೆದು ಕೊಳ್ಳಬೇಕು. ನನ್ನ ಬಳಿ ಅದೇ ಹಾಡು ನಾಲ್ಕು ಡಬ್ಬಿಗಳಲ್ಲಿದೆ ಎಂದರೆ ನಾನೆಷ್ಟು ಕಣ್ಣು ತೆರೆದಿದ್ದೆ ಎಂಬುದು ನಿಮಗೆ ತಿಳಿಯುತ್ತದೆ.

ಇರಲಿ. ಡಬ್ಬಿಗಳು ಕೊಟ್ಟ ಸುಖವನ್ನು ಮೊದಲು ಹೇಳುತ್ತೇನೆ.

ಒಂದು ಬಿಡಿ ಕ್ಯಾಸೆಟ್ ನಮಗೆ ಕೊಡುವುದು ಒಂದು ಕಚೇರಿಯನ್ನು. ಒಳ್ಳೆಯ ಡಬ್ಬಿ ಕೊಡುವುದು ಒಂದು ಆಯುಷ್ಯವನ್ನು. ಗಂಗೂಬಾಯಿಯವರನ್ನೇ ತೆಗೆದುಕೊಳ್ಳಿ. 1930ರ ದಶಕದಲ್ಲಿ ಅವರು ಹಾಡಿದ ಹೆಚ್.ಎಂ.ವಿ. ತಟ್ಟೆಗಳ ಮೇಲೆ ಅವರ ಹೆಸರು ಗಾಂಧಾರಿ ಹುಬ್ಬಳ್ಳಿ ಎಂದಿತ್ತು. ಆ ತಟ್ಟೆಗಳಲ್ಲಿ ಕೇಳುವುದು ತೆಳ್ಳಗಿನ, ಏರುಶ್ರುತಿಯ ಹುಡುಗಿಯ ದನಿ. ಅದೇ ಡಬ್ಬಿಯ ಕೊನೆಯ ಸಿ.ಡಿ. ಹಾಕಿದರೆ ನಾವೆಲ್ಲ ಬಲ್ಲ ಆ ಘನವಾದ, ಗಂಡುಮೆಟ್ಟಿನ ದನಿ. ನಡುವೆ ಹಾಯ್ದು ಹೋದದ್ದು ಒಂದು ಇಡೀ ಜೀವನ. ಗಂಟಲಿನ ತೊಂದರೆಯಿಂದ ದನಿ ಬದಲಾಯಿತು. ಇನ್ನೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ. ಅವರು ಬದಲಾದ ದನಿಯನ್ನೇ ತಮ್ಮ ಗುರುತನ್ನಾಗಿ ಮಾಡಿಕೊಂಡರು. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೆ ಒಂದು ಭಾನುವಾರ ಮೊದಲ ಸಿ.ಡಿ.ಯನ್ನೂ ಕೊನೆಯ ಸಿ.ಡಿ.ಯನ್ನೂ ಒಂದರ ಹಿಂದೊಂದು ಕೇಳಿದಾಗಲೇ ಅದು ಮೈಗೆ ತಟ್ಟಿದ್ದು.

ಮನ್ಸೂರರದ್ದೂ ಹಾಗೆಯೇ. ಅವರ ಮೂವತ್ತರ ದಶಕದ ತಟ್ಟೆಗಳಲ್ಲಿ ಒಂದು ಕಡೆಗೆ ಸಿಗುತ್ತಿದ್ದುದು ಮೂರು ಮೂರೂವರೆ ನಿಮಿಷ. ಅಷ್ಟರಲ್ಲಿ ರಾಗದ ಮುಖ ತೋರಿಸಬೇಕು, ಚೀಜು ಹೇಳಬೇಕು, ತಾನು ಹಾಕಬೇಕು, ಮುಗಿಸಬೇಕು. ವಿ.ಟಿ.ಯಲ್ಲಿ ಲೋಕಲ್ ಹಿಡಿಯುವವನ ಅವಸರ. ಆದರೂ ಆ ಮೂರು ನಿಮಿಷದಲ್ಲಿ ಒಂದು ಸ್ವರವೂ ಓಡಿದಂತೆ ಕೇಳಿಸುವುದಿಲ್ಲ. ಮುಂದೆ ಅವರು ಇದೇ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಬಳಿ ಕಲಿತರು. 1937ರಲ್ಲಿ ಮಂಜಿ ಖಾನರು ತೀರಿಕೊಂಡ ಮೇಲೆ ಅವರ ತಮ್ಮ ಭೂರ್ಜಿ ಖಾನರ ಬಳಿ ಮುಂದುವರಿಸಿದರು. ಎಪ್ಪತ್ತು ದಾಟಿದ ಮನ್ಸೂರರು ಬಿಹಾರಿ, ಲಲಿತಾ ಗೌರಿಯಂಥ ಅಪರೂಪದ ರಾಗಗಳನ್ನು ಬಿಡಿಸಿ ಹೇಳುವುದನ್ನು ಕೇಳಿ, ಆಮೇಲೆ ಆ ಇಪ್ಪತ್ತರ ತರುಣನ ತಟ್ಟೆಗೆ ಬನ್ನಿ. ಬೀಜವನ್ನೂ ಮರವನ್ನೂ ಒಟ್ಟಿಗೆ ನೋಡಿದ ಹಾಗಾಗುತ್ತದೆ.

ಒಂದು ರೆಕಾರ್ಡು ಏನು ಮಾಡಬಲ್ಲದು ಎಂಬುದಕ್ಕೆ ಭೀಮಸೇನರಿಗಿಂತ ದೊಡ್ಡ ಸಾಕ್ಷಿ ಬೇಕೆ? ಗದುಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆ ಕೇಳಿದ ಹುಡುಗ, ಹಾಗೆ ಹಾಡಲು ಕಲಿಯಬೇಕೆಂದು ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟು ಹೊರಟ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾದಾಗ ನಾನು ಆ ಮೂರು ನಿಮಿಷದ ಠುಮ್ರಿಯನ್ನೇ ಹಾಕಿ ಕೇಳಿದೆ. ಆ ಹುಡುಗನ ಬಳಿ ಡಬ್ಬಿ ಇರಲಿಲ್ಲ. ಸ್ವಂತದ ತಟ್ಟೆಯೂ ಇರಲಿಲ್ಲ. ಯಾರದೋ ಅಂಗಡಿಯ ಮುಂದೆ ನಿಂತು ಕೇಳಿದ್ದು ಅವನಿಗೆ ಸಾಕಾಯಿತು.

ಈಗ ಅಗ್ಗದ ಡಬ್ಬಿಗಳ ದೋಷಕ್ಕೆ ಬರುತ್ತೇನೆ. ಇಂದಿಗೂ ರದ್ದಿ ಅಂಗಡಿಗಳಲ್ಲಿ, ಹಳೆಯ ಸಾಮಾನಿನ ರಾಶಿಯಲ್ಲಿ ಇವು ನಿಮಗೆ ಸಿಗಬಹುದು. ಆದ್ದರಿಂದ ನನ್ನ ಅನುಭವ ನಾಲ್ಕು ಜನಕ್ಕೆ ಉಪಯೋಗವಾಗಲಿ.

ಮೊದಲನೆಯದು, ಒಳಗಿರುವುದನ್ನು ಎಣಿಸಿ. ಒಮ್ಮೆ ಒಂದು ಅಂಗಡಿಯ ವರ್ಷಾಂತ್ಯದ ಮಾರಾಟದಲ್ಲಿ ಐದು ಸಿ.ಡಿ.ಗಳ ಡಬ್ಬಿ ತಂದೆ. ಮನೆಗೆ ಬಂದು ನೋಡಿದರೆ ಎರಡನೆಯ ಸಿ.ಡಿ. ಎರಡು ಸಲ ಇತ್ತು. ನಾಲ್ಕನೆಯದು ಇರಲೇ ಇಲ್ಲ. ರಿಯಾಯಿತಿಯ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ಅಲ್ಲಿ ಫಲಕವೇ ತೂಗುತ್ತಿತ್ತು. ನನ್ನ ಪಾಲಿಗೆ ಪೂರಿಯಾ ಎರಡಾಯಿತು, ಬಾಗೇಶ್ರೀ ಹೋಯಿತು.

ಎರಡನೆಯದು, ಬರಹ ಓದಿ. ಹಾಡಿದ ವರ್ಷ, ತಬಲಾ ಯಾರದು, ಸಾರಂಗಿ ಅಥವಾ ಹಾರ್ಮೋನಿಯಂ ಯಾರದು, ಸಭೆಯಲ್ಲಿ ಹಾಡಿದ್ದೋ ಸ್ಟುಡಿಯೋದಲ್ಲೋ, ಇಷ್ಟಾದರೂ ಇರಬೇಕು. ಬಹಳಷ್ಟು ಅಗ್ಗದ ಡಬ್ಬಿಗಳಲ್ಲಿ ರಾಗದ ಹೆಸರು ಬಿಟ್ಟರೆ ಏನೂ ಇರುವುದಿಲ್ಲ. ಇಡೀ ಗಂಟೆ ಹಿಂದೆ ಕೂತು ನುಡಿಸಿದವನ ಹೆಸರನ್ನೇ ನುಂಗಿಹಾಕುವ ಈ ಉಳಿತಾಯ ನನಗೆ ಎಂದೂ ಸರಿ ಕಂಡಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಕೂಗಿ ಹೇಳುತ್ತಿದ್ದಳು. ಜರ್ಮನಿಯಲ್ಲಿ ತಟ್ಟೆ ತಯಾರಿಸುವವರಿಗೆ ಹಾಡಿದ್ದು ಯಾರೆಂದು ಗೊತ್ತಾಗಲಿ ಎಂದು. ಪಾಪ, ಸಾರಂಗಿಯವರಿಗೆ ಹಾಗೆ ಕೂಗುವ ಅವಕಾಶವಿರಲಿಲ್ಲ.

ಮೂರನೆಯದು, ವೇಗ. ಹಳೆಯ ತಟ್ಟೆಗಳೆಲ್ಲ ಸರಿಯಾಗಿ ನಿಮಿಷಕ್ಕೆ 78 ಸುತ್ತಿನವಲ್ಲ. ನಕಲು ಮಾಡುವಾಗ ವೇಗ ಸ್ವಲ್ಪ ಹೆಚ್ಚಾದರೂ ಶ್ರುತಿ ಏರಿ, ಗಂಡಸಿನ ದನಿ ಕೀಚಲಾಗುತ್ತದೆ. ಗಾಯಕನನ್ನು ಬೈಯುವ ಮೊದಲು ಅದೇ ಹಾಡನ್ನು ಇನ್ನೊಂದು ಡಬ್ಬಿಯಲ್ಲಿ ಕೇಳಿ ನೋಡಿ.

ನಾಲ್ಕನೆಯದು, ನಮ್ಮ ಮುಂಬಯಿಯ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟು ತೇವ ಹೀರಿ ಉಬ್ಬುತ್ತದೆ, ಕ್ಯಾಸೆಟ್ಟಿನ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಡಬ್ಬಿಯೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ ಇಡಿ. ಟೇಪುಗಳನ್ನು ಆರು ತಿಂಗಳಿಗೊಮ್ಮೆಯಾದರೂ ಓಡಿಸಿ. ಸಿ.ಡಿ.ಯ ಬರಹವಿರುವ ಮೇಲ್ಮೈಯ ಮೇಲೆ ಬಾಲ್ ಪೆನ್ನಿನಿಂದ ಬರೆಯಬೇಡಿ, ಚೀಟಿ ಅಂಟಿಸಬೇಡಿ. ಹಾಡು ಅಡಗಿರುವ ತೆಳು ಪದರ ಇರುವುದು ಆ ಮೇಲ್ಮೈಯ ಕೆಳಗೇ.

ಇಷ್ಟೆಲ್ಲ ಜಾಣತನ ಇದ್ದವನಿಗೆ ಒಂದು ಸರಳ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ. ಪ್ರತಿ ಸಲ ನಾನು ಹೊಸ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಾಗ ನನ್ನ ಹೆಂಡತಿ ಕೇಳುತ್ತಿದ್ದಳು: "ಇದನ್ನೆಲ್ಲಾ ಯಾವಾಗ ಕೇಳೋರು ನೀವು?" ನಾನು ಹೇಳುತ್ತಿದ್ದೆ: "ರಿಟೈರ್ ಆದಮ್ಯಾಲೆ." ಅವಳು ಒಂದು ಸಲವೂ ಜಗಳ ಮಾಡಲಿಲ್ಲ. ಸ್ಟೂಲು ಹಿಡಿದುಕೊಂಡು ನಿಲ್ಲುತ್ತಿದ್ದಳು. ನಾನು ಹತ್ತಿ ಡಬ್ಬಿಯನ್ನು ಅಟ್ಟಕ್ಕೆ ಸೇರಿಸುತ್ತಿದ್ದೆ.

2014ರಲ್ಲಿ ನಿವೃತ್ತನಾದೆ. ನಿವೃತ್ತರ ದಿನಚರಿ ನಿಮಗೆ ಗೊತ್ತೇ ಇದೆ. ಬ್ಯಾಂಕಿಗಿಂತ ಹೆಚ್ಚಿನ ಕೆಲಸ. ಸೊಸೈಟಿಯ ಕಾರ್ಯದರ್ಶಿ ಹುದ್ದೆ, ಮೊಮ್ಮಗನ ಶಾಲೆ, ಊರಿನ ಹೊಲದ ಕಾಗದಪತ್ರ. 2016ರ ಫೆಬ್ರುವರಿ ಕೊನೆಗೆ ರಿದಮ್ ಹೌಸ್ ಬಾಗಿಲು ಮುಚ್ಚಿತು. ಸುದ್ದಿ ತಿಳಿದ ಕೂಡಲೇ ಓಡಿ ಹೋಗಿ ನಾಲ್ಕು ಡಬ್ಬಿ ತಂದೆ. ಆ ನಾಲ್ಕೂ ಸೀದಾ ಅಟ್ಟ ಸೇರಿದವು. ಆಗಲೂ ನನ್ನ ಮನಸ್ಸಿನಲ್ಲಿದ್ದದ್ದು ಅದೇ ಮಾತು, ಯಾವಾಗ ಬೇಕಾದರೂ ಕೇಳಬಹುದು.

2022ರ ಒಂದು ಬೆಳಿಗ್ಗೆ, ಯಾಕೋ ಮನಸ್ಸು ಬಂದು, ಮನ್ಸೂರರ ಒಂದು ಹೊಸ ಡಬ್ಬಿಯ ಸೀಲು ಒಡೆದೆ. ಹೊಸದು ಎಂದರೆ ನಾನು ಕೊಂಡು ಹನ್ನೆರಡು ವರ್ಷವಾಗಿದ್ದದ್ದು. ಮಗಳು ಕೊಡಿಸಿದ ಒಳ್ಳೆಯ ಪ್ಲೇಯರು, ಒಳ್ಳೆಯ ಸ್ಪೀಕರು. ಹಾಕಿದೆ. ದನಿ ಬಂತು, ತಬಲಾ ಬಂತು. ಆದರೆ ತಂಬೂರಿ ಎಲ್ಲಿ? ಹಿಂದೆಲ್ಲೋ ಮಂಕಾಗಿ ಗುಂಯ್ ಎನ್ನುತ್ತಿದೆ. ಅದರ ಆ ಝೇಂಕಾರ, ಆ ಹೊಳಪು ಇಲ್ಲವೇ ಇಲ್ಲ. ಅಗ್ಗದ ಮಾಲು, ನಕಲು ಮಾಡುವಾಗ ತಂಬೂರಿಯನ್ನೇ ಕೊಂದುಬಿಟ್ಟಿದ್ದಾರೆ ಎಂದು ಕಂಪನಿಯನ್ನು ಬಾಯಿ ತುಂಬ ಬೈದೆ.

ಅದೇ ಹೊತ್ತಿಗೆ ಮೇಲಿನ ಮಹಡಿಯ ಹುಡುಗಿ ಏನೋ ಕೊಡಲು ಬಂದಳು. ಉಡುಪಿ ಕಡೆಯವರ ಮಗಳು, ಹಾಡಲು ಕಲಿಯುತ್ತಿದ್ದಾಳೆ. ಬಾಗಿಲಲ್ಲೇ ನಿಂತು ಕೇಳಿದಳು. "ಅಂಕಲ್, ತಂಬೂರಿ ಎಷ್ಟು ಚಂದ ಕೇಳ್ತಾ ಉಂಟು! ಜವಾರಿ ನೋಡಿ" ಎಂದಳು.

ನಾನು ಏನೂ ಮಾತಾಡಲಿಲ್ಲ. ಅವಳು ಹೋದ ಮೇಲೆ ಸ್ಪೀಕರಿನ ಹತ್ತಿರ ಕಿವಿ ಇಟ್ಟೆ. ಆಗಲೂ ಕೇಳಲಿಲ್ಲ.

ಮುಂದಿನ ವಾರ ಠಾಣೆಯಲ್ಲಿ ಕಿವಿಯ ಪರೀಕ್ಷೆಯಾಯಿತು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಏರು ಕಂಪನಗಳನ್ನಂತೆ. ತಂಬೂರಿಯ ಜವಾರಿಯ ಮಿನುಗು ಇರುವುದು ಅಲ್ಲಿಯೇ. ಮಾತು ಕೇಳುತ್ತದೆ, ಫೋನು ಕೇಳುತ್ತದೆ, ಆದ್ದರಿಂದ ನಮಗೆ ಗೊತ್ತೇ ಆಗುವುದಿಲ್ಲ. ಪರೀಕ್ಷೆ ಮಾಡಿದ ಹೆಣ್ಣುಮಗಳು ಕಾಗದದ ಮೇಲೆ ಇಳಿಜಾರಾಗಿ ಬಿದ್ದ ಗೆರೆಯನ್ನು ತೋರಿಸಿದಳು. ನಾನು ಬ್ಯಾಂಕಿನವನು. ನಷ್ಟದ ಗೆರೆ ಹೇಗಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೇಳುಗ ಬಂಧುಗಳೇ, ಮೂವತ್ತು ವರ್ಷ ನಾನು ಡಬ್ಬಿಗೆ ತೇವ ತಾಗದ ಹಾಗೆ ನೋಡಿಕೊಂಡೆ. ಕಿವಿಯ ಸೀಲು ಮಾತ್ರ ತನ್ನಷ್ಟಕ್ಕೆ ತಾನೇ ಒಡೆದಿತ್ತು.

ಆ ದೀಪಾವಳಿಗೆ ಡಬ್ಬಿಗಳನ್ನು ಕೆಳಗಿಳಿಸಿ ಎಣಿಸಿದ್ದು ಆಮೇಲೆಯೇ. ಲೆಕ್ಕ ಹಾಕಿದೆ. 63 ಡಬ್ಬಿ, ಡಬ್ಬಿಗೆ ಸರಾಸರಿ ನಾಲ್ಕು, ಅಂದರೆ ಸುಮಾರು 250 ಕ್ಯಾಸೆಟ್ಟು, ಸಿ.ಡಿ.ಗಳು. ಒಂದೊಂದು ಹೆಚ್ಚೂಕಡಿಮೆ ಒಂದು ಗಂಟೆ. ದಿನಕ್ಕೊಂದರಂತೆ ಕೇಳಿದ್ದರೂ ಎಂಟೇ ತಿಂಗಳಲ್ಲಿ ಎಲ್ಲವೂ ಮುಗಿಯುತ್ತಿತ್ತು! ಡೊಂಬಿವಲಿಯಿಂದ ವಿ.ಟಿ.ಗೆ ನಿಧಾನದ ಲೋಕಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಒಂದು ಸಿ.ಡಿ.ಯ ಅಳತೆ 74 ನಿಮಿಷ. ಹೋಗುವಾಗ ಒಂದು ರಾಗ, ಬರುವಾಗ ಒಂದು ರಾಗ. ದಶಕಗಳ ಕಾಲ ನಾನು ದಿನಕ್ಕೆರಡು ಕಚೇರಿಯಷ್ಟು ಹೊತ್ತು ರೈಲಿನಲ್ಲಿ ಕೂತಿದ್ದೆ, ನಿಂತಿದ್ದೆ. ಹೊತ್ತಿಗೆ ಬಡತನವಿತ್ತು ಎಂದು ಹೇಳುವ ಹಾಗಿಲ್ಲ.

ಈಗ ಕಿವಿಗೆ ಯಂತ್ರ ಬಂದಿದೆ. ಮಾತಿಗೆಂದು ಹೊಂದಿಸಿದ ಯಂತ್ರದಲ್ಲಿ ಸಂಗೀತ ಕೇಳಿದರೆ ಡಬ್ಬದೊಳಗೆ ಹಾಡಿದ ಹಾಗಿರುತ್ತದೆ. ನಾನು ಕೇಳಿಕೊಂಡ ಮೇಲೆ ಸಂಗೀತಕ್ಕೆಂದೇ ಬೇರೆ ಹೊಂದಿಕೆ ಮಾಡಿಕೊಟ್ಟರು. ನಿಮ್ಮಲ್ಲಿ ಯಾರಿಗಾದರೂ ಈ ತೊಂದರೆಯಿದ್ದರೆ ಸಂಕೋಚಪಡದೆ ಕೇಳಿ. ತಂಬೂರಿ ಪೂರ್ತಿ ಮರಳಿ ಬಂದಿಲ್ಲ, ಆದರೆ ಅದು ಅಲ್ಲಿದೆ ಎಂದು ಗೊತ್ತಾಗುವಷ್ಟು ಬಂದಿದೆ.

ಪ್ರತಿ ಭಾನುವಾರ ಸಂಜೆ ಐದಕ್ಕೆ ಈಗ ನಮ್ಮ ಮನೆಯಲ್ಲಿ ಒಂದು ಡಬ್ಬಿ ಒಡೆಯುತ್ತೇವೆ. ಮೇಲಿನ ಮಹಡಿಯ ಹುಡುಗಿ, ಅವಳ ಇಬ್ಬರು ಗೆಳತಿಯರು, ಎದುರು ಮನೆಯ ಮರಾಠಿ ಗೃಹಸ್ಥರು, ನಾವಿಬ್ಬರು. ಒಂದು ಸಿ.ಡಿ., ಹೆಚ್ಚಿಲ್ಲ. ಅರ್ಧಕ್ಕೆ ಯಾರೂ ಏಳುವ ಹಾಗಿಲ್ಲ, ಫೋನು ತೆಗೆಯುವ ಹಾಗಿಲ್ಲ. ಮುಗಿದ ಮೇಲೆ ಚಹಾ, ಚುರುಮುರಿ. ನನಗೆ ಕೇಳದ ಮಿನುಗನ್ನು ಆ ಹುಡುಗಿಯರು ನನಗೆ ವರ್ಣಿಸಿ ಹೇಳುತ್ತಾರೆ. ಡಬ್ಬಿಯೊಳಗೆ ಒಂದು ಚೀಟಿ ಇಡುತ್ತೇನೆ. ಕೇಳಿದ ತಾರೀಖು, ಯಾರು ಯಾರಿದ್ದರು, ರಾಗ ಯಾವುದು. ಪೂರ್ತಿ ಕೇಳಿಯಾದ ಡಬ್ಬಿಯನ್ನು ಬೇಕೆಂದವರಿಗೆ ಕೊಟ್ಟುಬಿಡುತ್ತೇನೆ. ಅಟ್ಟದಲ್ಲಿ ಜಾಗವಾಗುತ್ತಿದೆ.

ಇವತ್ತು ಎಲ್ಲ ಸಂಗೀತವೂ ಫೋನಿನಲ್ಲೇ ಸಿಗುತ್ತದೆ, ಡಬ್ಬಿಯ ಮಾತು ಯಾಕೆ ಎಂದು ನೀವು ಕೇಳಬಹುದು. ನಿಜ. ಈಗ ನಿಮ್ಮ ಕಿಸೆಯಲ್ಲಿರುವುದು ನನ್ನ ಅಟ್ಟಕ್ಕಿಂತ ಸಾವಿರ ಪಟ್ಟು ದೊಡ್ಡ ಅಟ್ಟ. ಆಮೇಲೆ ಕೇಳೋಣ ಎಂದು ನೀವೂ ಗುರುತು ಹಾಕಿಟ್ಟಿರುತ್ತೀರಿ. ಡಬ್ಬಿ ಅಗ್ಗವಾಯಿತು, ಆಮೇಲೆ ಪುಕ್ಕಟೆಯೇ ಆಯಿತು. ಕೇಳುವ ಗಂಟೆಯ ಬೆಲೆ ಮಾತ್ರ ಇಳಿದಿಲ್ಲ, ಅದಕ್ಕೆ ಯಾವ ಅಂಗಡಿಯಲ್ಲೂ ರಿಯಾಯಿತಿಯಿಲ್ಲ.

ಆದ್ದರಿಂದ ನನ್ನದೊಂದು ಬಿನ್ನಹ. ಈ ಭಾನುವಾರ ನಿಮ್ಮ ಅಟ್ಟದಿಂದಲೋ ಕಿಸೆಯಿಂದಲೋ ಒಂದನ್ನು, ಒಂದನ್ನು ಮಾತ್ರ, ತೆಗೆದು ಪೂರ್ತಿ ಕೇಳಿ. ಮನೆಯಲ್ಲಿ ಚಿಕ್ಕವರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮಗೆ ಕೇಳದ್ದು ಅವರಿಗೆ ಕೇಳುತ್ತದೆ.

ಹೋದ ವಾರ ಇನ್ನೊಂದು ಡಬ್ಬಿ ಇಳಿಸುವಾಗ ನನ್ನ ಹೆಂಡತಿ ಎಂದಿನಂತೆ ಸ್ಟೂಲು ಹಿಡಿದು ನಿಂತಿದ್ದಳು. "ಇನ್ನೆಷ್ಟು ಉಳದಾವು?" ಎಂದಳು. "ಹನ್ನೊಂದು" ಎಂದೆ. "ಸಾವಕಾಶ ಇಳೀರಿ" ಎಂದಳು.